ಪಾದ್ರಿ ಬರೆದಿಟ್ಟ ಊರ ಲೆಕ್ಕ

ಮಕ್ಕಳೇ, ಇಂಗ್ಲೆಂಡಿನಲ್ಲಿ ಯಾವ ಹಳ್ಳಿಗೆ ಹೋದರೂ ಹಳೆಯದೊಂದು ಕಲ್ಲಿನ ಚರ್ಚು ಕಣ್ಣಿಗೆ ಬೀಳುತ್ತದೆ. ಆ ಚರ್ಚಿನ ಸರಹದ್ದಿಗೆ ಸೇರಿದ ಮನೆ, ಹೊಲ, ಹುಲ್ಲುಗಾವಲು ಎಲ್ಲ ಕೂಡಿ ಒಂದು ಪ್ಯಾರಿಷ್. 1538ರಲ್ಲಿ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಒಂದು ಅಪ್ಪಣೆ ಹೊರಡಿಸಿದ. ಪ್ರತಿ ಪ್ಯಾರಿಷ್‌ನ ಪಾದ್ರಿಯೂ ಒಂದು ಪುಸ್ತಕ ಇಡಬೇಕು. ಯಾವ ಮಗುವಿಗೆ ದೀಕ್ಷಾಸ್ನಾನವಾಯಿತು, ಯಾರ ಮದುವೆಯಾಯಿತು, ಯಾರನ್ನು ಮಣ್ಣು ಮಾಡಿದರು ಎಂದು ಭಾನುವಾರ ಭಾನುವಾರ ಅದರಲ್ಲಿ ಬರೆಯಬೇಕು. ಜನಕ್ಕೆ ಗುಮಾನಿ ಬಂತು. ಹುಟ್ಟಿದ್ದಕ್ಕೂ ಸತ್ತಿದ್ದಕ್ಕೂ ಇನ್ನು ಕಂದಾಯ ಹಾಕುತ್ತಾರೆ ಎಂದು ಗೊಣಗಿದರು. ಆಗ ಹಾಕಲಿಲ್ಲ. ಆದರೆ 1695ರಲ್ಲಿ ಇನ್ನೊಬ್ಬ ರಾಜನಿಗೆ ಯುದ್ಧಕ್ಕೆ ದುಡ್ಡು ಬೇಕಾದಾಗ ನಿಜವಾಗಿಯೂ ಹಾಕಿಬಿಟ್ಟರು!

ನಮ್ಮ ಉತ್ತರ ಕರ್ನಾಟಕದ ಕಡೆ ಈ ಕೆಲಸ ಹೆಳವರದು. ಅವರು ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಮನೆ ಬಾಗಿಲಿಗೆ ಬಂದು, ಆ ಮನೆತನದ ಮುತ್ತಜ್ಜ, ಅವನಪ್ಪ, ಅವನಪ್ಪನ ಅಪ್ಪ ಎಂದು ವಂಶಾವಳಿಯನ್ನೆಲ್ಲ ಹೇಳಿ, ಕಾಳು-ಕಡಿ ಪಡೆದು ಮುಂದಿನ ಊರಿಗೆ ಹೋಗುತ್ತಿದ್ದರು. ಇಂಗ್ಲೆಂಡಿನ ಲೆಕ್ಕ ಪುಸ್ತಕದಲ್ಲಿ ಕೂತಿತು. ಕಾಗದ ಹಾಳಾಗುತ್ತದೆಂದು 1598ರಲ್ಲಿ ಚರ್ಮದ ಹಾಳೆಗೆ ನಕಲು ಮಾಡಿಸಿದರು. ಆಮೇಲೆ ಅದನ್ನು ಮೂರು ಬೀಗದ ಪೆಟ್ಟಿಗೆಯಲ್ಲಿಡಬೇಕು ಎಂಬ ನಿಯಮವೂ ಬಂತು. ಒಂದು ಬೀಗದ ಕೈ ಪಾದ್ರಿಯ ಹತ್ತಿರ, ಉಳಿದೆರಡು ಚರ್ಚಿನ ಇಬ್ಬರು ಮುಖಂಡರ ಹತ್ತಿರ. ಮೂವರೂ ಒಟ್ಟಿಗೆ ಬಾರದೆ ಪೆಟ್ಟಿಗೆ ತೆರೆಯುತ್ತಿರಲಿಲ್ಲ.

ಇಂಥ ಪುಸ್ತಕದಿಂದ ಏನು ತಿಳಿಯುತ್ತದೆ ಎಂದು ನೋಡಬೇಕಾದರೆ ಡರ್ಬಿಶೈರ್‌ನ ಈಮ್ ಎಂಬ ಹಳ್ಳಿಗೆ ಬನ್ನಿ. ಶೆಫೀಲ್ಡಿನಲ್ಲಿರುವವರಿಗೆ ತುಂಬ ಹತ್ತಿರ. 1665ರ ಬೇಸಿಗೆಯ ಕೊನೆಗೆ ಅಲ್ಲಿನ ಒಬ್ಬ ದರ್ಜಿಯ ಮನೆಗೆ ಲಂಡನ್ನಿನಿಂದ ಬಟ್ಟೆಯ ಗಂಟು ಬಂತು. ಲಂಡನ್ನಿನಲ್ಲಿ ಆಗ ಪ್ಲೇಗು. ಗಂಟು ಬಿಚ್ಚಿ ಬಟ್ಟೆ ಒಣಗಿಸಿದ ಆಳು ಜಾರ್ಜ್ ವಿಕರ್ಸ್ ಸೆಪ್ಟೆಂಬರ್ ಮೊದಲ ವಾರದಲ್ಲೇ ತೀರಿಕೊಂಡ. ಬಟ್ಟೆಯಲ್ಲಿ ಚಿಗಟ ಇತ್ತು ಎಂದು ಊರವರು ಇಂದಿಗೂ ಹೇಳುತ್ತಾರೆ. ಆಮೇಲೆ ಅಕ್ಕಪಕ್ಕದ ಮನೆಗಳಲ್ಲಿ ಒಂದೊಂದೇ ಸಾವು.

ಮರುವರ್ಷ ಜೂನಿನಲ್ಲಿ ಪಾದ್ರಿ ವಿಲಿಯಂ ಮಾಂಪೆಸನ್, ಅವನಿಗಿಂತ ಮೊದಲು ಅಲ್ಲಿ ಪಾದ್ರಿಯಾಗಿದ್ದ ಥಾಮಸ್ ಸ್ಟಾನ್ಲಿ ಇಬ್ಬರೂ ಕೂಡಿ ಜನರನ್ನು ಒಪ್ಪಿಸಿದರು: ಯಾರೂ ಊರು ಬಿಟ್ಟು ಹೋಗಬಾರದು. ರೋಗ ಸುತ್ತಲ ಊರುಗಳಿಗೆ ಹಬ್ಬಬಾರದು. (ನಮ್ಮ ಕಡೆ ಇದಕ್ಕೆ ತದ್ವಿರುದ್ಧ. ಪ್ಲೇಗು ಬಂತೆಂದರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಅಜ್ಜಿಗೆ ಫೋನ್ ಮಾಡಿದಾಗ ಕೇಳಿ, ಅವರ ಹಿರಿಯರ ಕಥೆ ಏನಾದರೂ ಇರುತ್ತದೆ.) ಚರ್ಚಿಗೆ ಬೀಗ ಬಿತ್ತು, ಪ್ರಾರ್ಥನೆ ಬಯಲಿಗೆ ಬಂತು. ಊರ ಗಡಿಯಲ್ಲೊಂದು ಬಂಡೆ, ಅದರ ಮೇಲೆ ಕೊರೆದ ಗುಳಿಗಳು. ಗುಳಿಗೆ ವಿನೆಗರ್ ಹುಯ್ದು ಕಾಸು ಹಾಕಿ ಹೋದರೆ, ಆಚೆ ಊರಿನವರು ಕಾಸು ತೆಗೆದುಕೊಂಡು ಆಹಾರ ಇಟ್ಟು ಹೋಗುತ್ತಿದ್ದರು. ಆ ಬಂಡೆ ಇನ್ನೂ ಇದೆ, ಗುಳಿಯಲ್ಲಿ ಬೆರಳಿಟ್ಟು ನೋಡಬಹುದು.

ಊರಾಚೆ ರೈಲಿ ಎಂಬಲ್ಲಿ ಎಲಿಜಬೆತ್ ಹ್ಯಾಂಕಾಕ್ ಎಂಬ ತಾಯಿ ಇದ್ದಳು. 1666ರ ಆಗಸ್ಟಿನಲ್ಲಿ, ಎಂಟೇ ದಿನದಲ್ಲಿ, ಅವಳ ಗಂಡ ಮತ್ತು ಆರು ಮಕ್ಕಳು ಹೋದರು. ಹೂಳಲು ಯಾರೂ ಹತ್ತಿರ ಬರುವಂತಿರಲಿಲ್ಲ. ತಾನೇ ಗುಂಡಿ ತೋಡಿ ಮನೆ ಹತ್ತಿರದ ಹೊಲದಲ್ಲಿ ಹೂತಳು. ಈ ಏಳು ಸಾವೂ ಪುಸ್ತಕದಲ್ಲಿ ಒಂದೊಂದು ಸಾಲು. ಅದೇ ತಿಂಗಳು ಪಾದ್ರಿಯ ಹೆಂಡತಿ ಕ್ಯಾಥರೀನ್ ಹೆಸರೂ ಬಂತು.

ನವೆಂಬರಿನಲ್ಲಿ ಮಾಂಪೆಸನ್ ಒಂದು ಕಾಗದದಲ್ಲಿ ಲೆಕ್ಕ ಕೊಟ್ಟ: ರೋಗ ಹೊಕ್ಕಿದ್ದು 76 ಮನೆಗೆ, ಸತ್ತವರು 259. ಊರಿನಲ್ಲಿ ಇದ್ದದ್ದೇ 350 ಜನ, ಮುಕ್ಕಾಲು ಪಾಲು ಅಳಿಸಿಹೋಯಿತು ಎಂದು ಬಹಳ ಕಾಲ ಹೇಳುತ್ತ ಬಂದರು. ಆದರೆ ಆಗ ಇಂಗ್ಲೆಂಡಿನಲ್ಲಿ ಒಲೆಗೂ ತೆರಿಗೆ ಇತ್ತು, ಮನೆಯಲ್ಲಿ ಎಷ್ಟು ಒಲೆಯೋ ಅಷ್ಟು ಕಟ್ಟಬೇಕು. ಆ ತೆರಿಗೆ ಪಟ್ಟಿಯನ್ನೂ ಪ್ಯಾರಿಷ್ ಪುಸ್ತಕವನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಊರಿನ ಜನ ಸುಮಾರು 700 ಇದ್ದಿರಬೇಕೆಂದು ಕಂಡಿತು. ಹಾಗಾದರೆ ಸತ್ತವರು ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚು. ಅದೂ ಕಡಿಮೆಯೇನಲ್ಲ. ಯಾವ ಮನೆಯಲ್ಲಿ ಯಾರು ಯಾವ ದಿನ ಹೋದರು ಎಂಬ ಇದೇ ಸಾಲುಗಳಿಂದ ವಿಜ್ಞಾನಿಗಳು 2016ರಲ್ಲಿ ಇನ್ನೊಂದು ಲೆಕ್ಕ ತೆಗೆದರು: ಇಲಿಯಿಂದ ಬಂದ ರೋಗ ಕಾಲು ಪಾಲು ಮಾತ್ರ, ಉಳಿದದ್ದು ಮನುಷ್ಯರಿಂದ ಮನುಷ್ಯರಿಗೆ ದಾಟಿದ್ದು. ನನಗೆ ಕೇಳಿದರೆ, ಪಾದ್ರಿಯ ಕಥೆಗಿಂತ ಈ ಭಾಗವೇ ಹೆಚ್ಚು ಸ್ವಾರಸ್ಯ.

ನೀವೂ ಹುಡುಕಬಹುದು. ಹಳೆಯ ಪುಸ್ತಕಗಳು ಈಗ ಬಹುಪಾಲು ಕೌಂಟಿಯ ದಾಖಲೆ ಕಚೇರಿಯಲ್ಲಿವೆ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. ಒಂದು ಎಚ್ಚರಿಕೆ: 1752ರ ತನಕ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಹಾಗಾಗಿ ಪುಸ್ತಕದಲ್ಲಿ 1665ರ ಫೆಬ್ರವರಿ ಎಂದಿದ್ದರೆ ಅದು ನಮ್ಮ ಲೆಕ್ಕಕ್ಕೆ 1666. ಇದು ತಿಳಿಯದವರಿಗೆ ಅಪ್ಪ ಅಮ್ಮನ ಮದುವೆಗೆ ಮುಂಚೆಯೇ ಮಗು ಹುಟ್ಟಿದಂತೆ ಕಾಣುವುದೂ ಉಂಟು! ಇನ್ನೊಂದು, ಅಲ್ಲಿರುವುದು ದೀಕ್ಷಾಸ್ನಾನದ ತಾರೀಖು, ಹುಟ್ಟಿದ ತಾರೀಖಲ್ಲ.

ನಿಮ್ಮ ಅಜ್ಜ, ಮುತ್ತಜ್ಜ ಇಲ್ಲಿನ ಹಳೇ ಪುಸ್ತಕಗಳಲ್ಲಿ ಸಿಗಲಾರರು, ನಿಜ. ಆದರೆ ನಿಮ್ಮ ಮನೆ ಇರುವ ಜಾಗ ಹಳೇ ನಕ್ಷೆಯಲ್ಲಿ ಸಿಗಬಹುದು. 1836ರ ಒಂದು ಕಾಯಿದೆಯ ಪ್ರಕಾರ ಅನೇಕ ಪ್ಯಾರಿಷ್‌ಗಳಿಗೆ ದೊಡ್ಡ ನಕ್ಷೆ ಬರೆಸಿದರು. ಪ್ರತಿ ಹೊಲಕ್ಕೆ ನಂಬರು, ಒಡೆಯ ಯಾರು, ಉಳುವವ ಯಾರು, ಎಷ್ಟೋ ಕಡೆ ಹೊಲದ ಹೆಸರು ಕೂಡ. ನಿಮ್ಮ ರಸ್ತೆಯ ಹೆಸರು ಅಂಥ ಒಂದು ಹೊಲದ್ದೇ ಇರಬಹುದು, ಹುಡುಕಿ ನೋಡಿ.

ಈಮ್‌ನಲ್ಲಿ ಪ್ರತಿ ವರ್ಷ ಆಗಸ್ಟಿನ ಕೊನೆಯ ಭಾನುವಾರ ಅದೇ ಬಯಲಿನಲ್ಲಿ ಪ್ರಾರ್ಥನೆ ನಡೆಸುತ್ತಾರೆ. ಸ್ಕೂಲಿಗೆ ರಜೆ ಇರುವ ದಿನಗಳೇ. ಪ್ಲೇಗಿಗೆ ಸಿಕ್ಕಿದ ಮನೆಗಳ ಮುಂದೆ ಅಲ್ಲಿ ಸತ್ತವರ ಹೆಸರಿನ ಫಲಕಗಳಿವೆ. ಈಗಲೂ ಜನ ವಾಸವಿರುವ ಮನೆಗಳು ಅವು. ರಸ್ತೆಯಲ್ಲೇ ನಿಂತು ಓದಿ.