ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾ: ಫಾರ್ವರ್ಡ್‌ಗಳು ಹೇಳದೆ ಬಿಡುವ ಅರ್ಧ ಕಥೆ

ಬರಿಗಾಲಲ್ಲಿ ಓಡುತ್ತಿರುವ ತೆಳ್ಳಗಿನ ಓಟಗಾರನೊಬ್ಬನ ಕಪ್ಪು-ಬಿಳುಪು ಫೋಟೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಫೋಟೋದ ಕೆಳಗಿನ ಬರಹ ಗುಂಪಿನಿಂದ ಗುಂಪಿಗೆ ಸ್ವಲ್ಪ ಬದಲಾಗುತ್ತದೆ, ಸಾರಾಂಶ ಒಂದೇ. ಶೂ ಕೊಳ್ಳಲೂ ಗತಿಯಿಲ್ಲದ ಬಡ ಸೈನಿಕ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದ. ನಾಲ್ಕು ವರ್ಷದ ನಂತರ ಹೊಟ್ಟೆಯ ಆಪರೇಷನ್ ಆಗಿ 40 ದಿನಕ್ಕೇ ಮತ್ತೆ ಓಡಿ ಮತ್ತೆ ಗೆದ್ದ. ಆದ್ದರಿಂದ ಶೂ ಎಂಬುದು ಕಂಪನಿಗಳ ವ್ಯಾಪಾರ, ನೋವು ಎಂಬುದು ಮನಸ್ಸಿನ ಭ್ರಮೆ.

ಆ ಮನುಷ್ಯ ನಿಜ, ಎರಡೂ ಗೆಲುವು ನಿಜ. ಆದರೆ ಕಾರಣಗಳು ಅರ್ಧಂಬರ್ಧ, ಕಥೆಯ ಎರಡನೇ ಭಾಗವಂತೂ ಪೂರ್ತಿ ಮಾಯ. ಮೊಣಕಾಲ ಕೆಳಗೆ ಎಲುಬಿನಲ್ಲಿ ನೋವಿಟ್ಟುಕೊಂಡು ಮುಂದಿನ ಭಾನುವಾರದ ಓಟಕ್ಕೆ ತಯಾರಿ ಮಾಡುತ್ತಿರುವವರು ಇಂಥ ಫಾರ್ವರ್ಡ್ ಓದಿ ಹುರುಪಿನಲ್ಲಿ ಹೊರಟುಬಿಡುತ್ತಾರೆ. ಅವರಿಗೆ ಬೇಕಾಗಿರುವುದು ಆ ಮಾಯವಾದ ಭಾಗವೇ.

ಒಂದೇ ರಾತ್ರಿಯಲ್ಲಿ ಹುಟ್ಟಿದ ಓಟಗಾರನಲ್ಲ

ಅಬೆಬೆ ಬಿಕಿಲಾ ಹುಟ್ಟಿದ್ದು 1932ರ ಆಗಸ್ಟ್ 7ರಂದು, ಇಥಿಯೋಪಿಯಾದ ಶೆವಾ ಪ್ರಾಂತ್ಯದ ಜಾಟೋ ಎಂಬ ಹಳ್ಳಿಯಲ್ಲಿ. ಅವರ ಹೆಸರು ಅಬೆಬೆ. ಬಿಕಿಲಾ ಅಪ್ಪನ ಹೆಸರು. ನಮ್ಮ ಇನಿಷಿಯಲ್ ಪದ್ಧತಿಯ ಹಾಗೆಯೇ ಅಲ್ಲಿಯೂ ಮನೆತನದ ಹೆಸರು ಅಂತ ಬೇರೆ ಇಲ್ಲ. ಆದ್ದರಿಂದ ಇಲ್ಲಿ ಅಬೆಬೆ ಎಂದೇ ಕರೆಯೋಣ.

ಯುವಕನಾಗಿ ರಾಜಧಾನಿ ಅಡಿಸ್ ಅಬಾಬಾಕ್ಕೆ ಬಂದ ಅಬೆಬೆ ಚಕ್ರವರ್ತಿ ಹೈಲೆ ಸೆಲಾಸಿಯವರ ಅಂಗರಕ್ಷಕ ಪಡೆ ಸೇರಿದರು. ಅಲ್ಲಿನ ಸೈನಿಕರಿಗೆ ತರಬೇತಿ ಕೊಡುತ್ತಿದ್ದ ಸ್ವೀಡನ್ನಿನ ಓನ್ನಿ ನಿಸ್ಕಾನೆನ್ ಅವರ ಕೈಗೆ ಸಿಕ್ಕಿದ್ದೇ ತಿರುವು. ಅಡಿಸ್ ಅಬಾಬಾ ಸಮುದ್ರಮಟ್ಟದಿಂದ ಎರಡು ಸಾವಿರದ ಮುನ್ನೂರು ಮೀಟರಿಗೂ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಲ್ಲಿ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಹುಟ್ಟಿನಿಂದ ಅಂಥ ಎತ್ತರದಲ್ಲೇ ಬದುಕಿ, ಅಲ್ಲೇ ವರ್ಷಗಟ್ಟಲೆ ಓಡಿದ ದೇಹ ಕಡಿಮೆ ಆಮ್ಲಜನಕದಲ್ಲಿ ಹೆಚ್ಚು ಕೆಲಸ ಮಾಡಲು ಕಲಿತಿರುತ್ತದೆ.

1960ರಲ್ಲಿ ಅಡಿಸ್ ಅಬಾಬಾದಲ್ಲೇ ನಡೆದ ಓಟವೊಂದರಲ್ಲಿ ಅವರು ಮ್ಯಾರಥಾನನ್ನು 2 ಗಂಟೆ 21 ನಿಮಿಷ 23 ಸೆಕೆಂಡಿನಲ್ಲಿ ಮುಗಿಸಿದರು. ಎಮಿಲ್ ಜಾಟೊಪೆಕ್ 1952ರಲ್ಲಿ ಬರೆದಿದ್ದ ಒಲಿಂಪಿಕ್ಸ್ ದಾಖಲೆಗಿಂತ ಇದು ವೇಗ, ಅದೂ ಅಷ್ಟು ಎತ್ತರದಲ್ಲಿ. ಅಂದರೆ ರೋಮ್‌ಗೆ ಹೊರಡುವ ಮೊದಲೇ ಅವರು ಗೆಲ್ಲಬಲ್ಲ ಓಟಗಾರ. ಗೊತ್ತಿಲ್ಲದೆ ಇದ್ದದ್ದು ಹೊರಗಿನವರಿಗೆ ಮಾತ್ರ.

ಹಾಗಾದರೆ ಬರಿಗಾಲೇಕೆ?

ದುಡ್ಡಿಲ್ಲದೆ ಅಲ್ಲ. ತಂಡಕ್ಕೆ ಶೂಗಳಿದ್ದವು. ಆದರೆ ರೋಮ್‌ನಲ್ಲಿ ಸಿಕ್ಕ ಹೊಸ ಶೂ ಅಬೆಬೆಯವರ ಕಾಲಿಗೆ ಹೊಂದಲಿಲ್ಲ. ಹೊಸ ಚಪ್ಪಲಿ ಕಚ್ಚಿದರೆ ಮದುವೆಮನೆಯಲ್ಲಿ ಓಡಾಡುವುದೇ ಕಷ್ಟ, ಇನ್ನು 42.195 ಕಿ.ಮೀ. ಓಡುವುದೆಂದರೆ? ಊರಲ್ಲಿ ಬರಿಗಾಲಲ್ಲಿ ಓಡಿ ಅಭ್ಯಾಸವಿತ್ತು. ಆದ್ದರಿಂದ ಬರಿಗಾಲಲ್ಲೇ ಓಡಿದರು. ಇದು ತ್ಯಾಗವೂ ಅಲ್ಲ, ಪವಾಡವೂ ಅಲ್ಲ. ಓಟದ ದಿನ ಹೊಸ ಶೂ ಹಾಕಬೇಡಿ ಎಂದು ಇಂದಿಗೂ ಕೋಚ್‌ಗಳು ಹೇಳುವ ಮಾತನ್ನು ಅವರು ಕೊನೆಯ ಹಂತದವರೆಗೆ ಪಾಲಿಸಿದರು, ಅಷ್ಟೇ.

ಸೆಪ್ಟೆಂಬರ್ 10ರ ಆ ಓಟ ಬಿಸಿಲು ತಪ್ಪಿಸಲು ಸಂಜೆ ಶುರುವಾಯಿತು. ಪ್ರಾಚೀನ ಆಪಿಯನ್ ರಸ್ತೆಯಲ್ಲಿ ಸೈನಿಕರು ಪಂಜು ಹಿಡಿದು ನಿಂತಿದ್ದರು. ಅಬೆಬೆಗೆ ಒಂದು ಸೂಚನೆ ಇತ್ತು: ಮೊರಾಕ್ಕೊದ ರಾದಿ ಬೆನ್ ಅಬ್ದೆಸ್ಸಲಾಮ್ ಮೇಲೆ ಕಣ್ಣಿಡು, ಅವನ ನಂಬರ್ 26. ಆದರೆ ರಾದಿ ಅಂದು ಧರಿಸಿದ್ದು 185! ಅಬೆಬೆ 26ನ್ನು ಹುಡುಕುತ್ತ ಓಡಿದರು, ಪಕ್ಕದಲ್ಲೇ ಓಡುತ್ತಿರುವವನೇ ರಾದಿ ಎಂದು ತಿಳಿಯದೆ. ಕೊನೆಗೆ ಅಕ್ಸುಮ್ ಸ್ತಂಭದ ಹತ್ತಿರ ವೇಗ ಹೆಚ್ಚಿಸಿ ಬಿಟ್ಟುಹೋದರು. ಮುಸೊಲಿನಿಯ ಸೇನೆ ಇಥಿಯೋಪಿಯಾವನ್ನು ಆಕ್ರಮಿಸಿ ಹೊತ್ತು ತಂದ ಕಲ್ಲಿನ ಸ್ತಂಭ ಅದು. ಸಮಯ 2:15:16.2, ಅಂದಿನ ವಿಶ್ವದ ಶ್ರೇಷ್ಠ. ರಾದಿ 25 ಸೆಕೆಂಡ್ ಹಿಂದೆ.

ಈಗ ವಿಜ್ಞಾನದ ಮಾತು. ಬಾಲ್ಯದಿಂದ ಬರಿಗಾಲಲ್ಲಿ ಓಡುವವರು ಹೆಚ್ಚಾಗಿ ಪಾದದ ಮುಂಭಾಗವನ್ನು ಮೊದಲು ಊರುತ್ತಾರೆ, ಹಿಮ್ಮಡಿಯನ್ನಲ್ಲ; ಹಾಗಾಗಿ ನೆಲಕ್ಕೆ ತಾಗಿದ ಕ್ಷಣದ ಆಘಾತ ಕಡಿಮೆ. ಇದನ್ನು ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ತೋರಿಸಿತು. ಇದನ್ನು ಓದಿದ ಅನೇಕರು ಮರುದಿನವೇ ಶೂ ಬಿಚ್ಚಿಟ್ಟರು. ಇಲ್ಲಿ ಒಂದು ಪದವನ್ನು ಅವರು ಗಮನಿಸಲಿಲ್ಲ: ಬಾಲ್ಯದಿಂದ. ಮುಂಭಾಗ ಊರಿದಾಗ ಹಿಮ್ಮಡಿಗೆ ಉಳಿದ ಹೊರೆ ಎಲ್ಲೂ ಮಾಯವಾಗುವುದಿಲ್ಲ. ಮೀನಖಂಡ, ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಮತ್ತು ಪಾದದ ಸಣ್ಣ ಎಲುಬುಗಳು ಅದನ್ನು ಹೊರುತ್ತವೆ. ಮೂವತ್ತು ವರ್ಷ ಶೂ ಹಾಕಿದ ಕಾಲಿಗೆ ಆ ಬಲ ಇರುವುದಿಲ್ಲ. ತೆಳು ಅಟ್ಟೆಯ ಶೂಗೆ ಅವಸರದಲ್ಲಿ ಬದಲಾದ ಓಟಗಾರರ ಪಾದದ ಎಲುಬುಗಳಲ್ಲಿ ಊತ ಕಾಣಿಸಿಕೊಂಡದ್ದನ್ನು ನಂತರದ ಎಂಆರ್‌ಐ ಅಧ್ಯಯನಗಳು ದಾಖಲಿಸಿವೆ. ಬರಿಗಾಲ ಓಟ ಕೆಟ್ಟದ್ದಲ್ಲ. ಒಂದೇ ವಾರದಲ್ಲಿ ಬದಲಾಗುವುದು ಕೆಟ್ಟದ್ದು.

ಟೋಕಿಯೊ: ಪವಾಡ ಎಷ್ಟು, ತಯಾರಿ ಎಷ್ಟು

ಆಪರೇಷನ್ ಕಥೆ ನಿಜ. 1964ರ ಆಗಸ್ಟ್ ಆರಂಭದಲ್ಲಿ ಆಯ್ಕೆ ಓಟವನ್ನು ಅಬೆಬೆ 2 ಗಂಟೆ 16 ನಿಮಿಷದ ಆಸುಪಾಸಿನಲ್ಲಿ ಗೆದ್ದಿದ್ದರು. ಸೆಪ್ಟೆಂಬರ್‌ನಲ್ಲಿ ತರಬೇತಿಯ ವೇಳೆ ಹೊಟ್ಟೆನೋವು ಬಂತು. ಅಪೆಂಡಿಸೈಟಿಸ್ ಎಂದು ಗೊತ್ತಾಯಿತು. 16ರಂದು ಶಸ್ತ್ರಚಿಕಿತ್ಸೆ. ಒಲಿಂಪಿಕ್ಸ್ ಮ್ಯಾರಥಾನ್ ಅಕ್ಟೋಬರ್ 21ಕ್ಕೆ. ಲೆಕ್ಕ ಹಾಕಿದರೆ 35 ದಿನ; ಫಾರ್ವರ್ಡ್ ಹೇಳುವ 40ಕ್ಕಿಂತಲೂ ಕಡಿಮೆ! ಸುಳ್ಳು ಸೇರಿಸುವವರು ಇಲ್ಲಿ ಮಾತ್ರ ಯಾಕೋ ಕಡಿಮೆ ಮಾಡಿದ್ದಾರೆ.

ಆ 35 ದಿನದಲ್ಲಿ ದೇಹದೊಳಗೆ ಏನಾಗುತ್ತದೆ? ಕತ್ತರಿಸಿ ಹೊಲಿದ ಚರ್ಮ, ಸ್ನಾಯುಪೊರೆಗಳಿಗೆ ಮೊದಲ ವಾರ ಸ್ವಂತ ಬಲ ಇರುವುದಿಲ್ಲ, ಹೊಲಿಗೆಯೇ ಹಿಡಿದಿಟ್ಟಿರುತ್ತದೆ. ಮೂರು ವಾರಕ್ಕೆ ಮೂಲ ಬಲದ ಕಾಲುಭಾಗದಷ್ಟು ಬರುತ್ತದೆ, ಮೂರು ತಿಂಗಳಿಗೆ ಶೇಕಡ 80ರಷ್ಟು. ಐದನೇ ವಾರದಲ್ಲಿ ಗಾಯ ಇನ್ನೂ ಅರ್ಧ ದಾರಿಯಲ್ಲಿತ್ತು. ಆದರೆ ಒಂದು ಅನುಕೂಲ: ಸಮತಟ್ಟಾದ ರಸ್ತೆಯ ಓಟ ಹೊಟ್ಟೆಯ ಗೋಡೆಯ ಮೇಲೆ ಭಾರ ಎತ್ತುವಷ್ಟು ಒತ್ತಡ ಹಾಕುವುದಿಲ್ಲ. ಓಡುವ ಕೆಲಸ ಮಾಡಿದ್ದು ಕಾಲು, ಹೃದಯ, ಶ್ವಾಸಕೋಶ. ಅವು ಮೂರೂ ಗಾಯಗೊಂಡಿರಲಿಲ್ಲ.

ಇನ್ನೊಂದು ವಿಷಯವನ್ನು ಜನ ನಂಬುವುದಿಲ್ಲ. ವರ್ಷಗಟ್ಟಲೆ ಕಟ್ಟಿದ ದಮ್ಮು ಹತ್ತು ಹದಿನೈದು ದಿನದ ವಿಶ್ರಾಂತಿಗೆ ಕರಗುವುದಿಲ್ಲ, ಅಲ್ಪಸ್ವಲ್ಪ ಇಳಿದೀತು. ಮ್ಯಾರಥಾನ್‌ಗೆ ಮೊದಲು ಎರಡು ಮೂರು ವಾರ ಓಟ ಕಡಿಮೆ ಮಾಡುವುದು ಈಗಂತೂ ಸಾಮಾನ್ಯ ಕ್ರಮ. ಸ್ನಾಯುಗಳಲ್ಲಿ ಶಕ್ತಿಯ ದಾಸ್ತಾನು ತುಂಬುತ್ತದೆ, ಸಣ್ಣಪುಟ್ಟ ಹರಿತಗಳು ಕೂಡಿಕೊಳ್ಳುತ್ತವೆ. ಸ್ವತಃ ಎಂದೂ ತೆಗೆದುಕೊಳ್ಳದ ವಿಶ್ರಾಂತಿಯನ್ನು ಆ ಅಪೆಂಡಿಕ್ಸ್ ಬಲವಂತವಾಗಿ ಕೊಟ್ಟಿರಬಹುದು ಎಂದು ನನಗನಿಸುತ್ತದೆ. ಆಪರೇಷನ್ ಆಗಿದ್ದರೂ ಗೆದ್ದರು ಎಂಬಷ್ಟೇ ಸತ್ಯ, ಅದಕ್ಕೂ ಮೊದಲೇ ತಯಾರಿ ಮುಗಿದಿತ್ತು ಎಂಬುದು.

ಟೋಕಿಯೊದಲ್ಲಿ ಅವರು ಶೂ ಹಾಕಿಕೊಂಡೇ ಓಡಿದರು, ಸಾಕ್ಸ್ ಸಮೇತ. 2:12:11.2ರಲ್ಲಿ ಮುಗಿಸಿ, ಎರಡನೆಯವರಾದ ಬ್ರಿಟನ್ನಿನ ಬೇಸಿಲ್ ಹೀಟ್ಲಿಗಾಗಿ ನಾಲ್ಕು ನಿಮಿಷ ಕಾಯುವಷ್ಟು ಮುಂದಿದ್ದರು. ಆ ಸಮಯದಲ್ಲಿ ಮೈದಾನದ ಹುಲ್ಲಿನ ಮೇಲೆ ಮಲಗಿ ಕಾಲು ಎತ್ತಿ ವ್ಯಾಯಾಮ ಮಾಡಿದರು. ನೋಡುತ್ತಿದ್ದವರಿಗೆ ಬೆರಗು. ಒಲಿಂಪಿಕ್ಸ್ ಮ್ಯಾರಥಾನನ್ನು ಎರಡು ಸಲ ಗೆದ್ದ ಮೊದಲಿಗರು ಅವರೇ. ಶೂ ಹಾಕಿದಾಗ ರೋಮ್‌ಗಿಂತ ಮೂರು ನಿಮಿಷ ಬೇಗ ಓಡಿದರು ನಿಜ, ಆದರೆ ಶೂನಿಂದಲೇ ಹಾಗಾಯಿತು ಎಂದು ನಾವು ಬರೆದರೆ ಅದೂ ಇನ್ನೊಂದು ಫಾರ್ವರ್ಡ್ ಆದೀತು.

ಫಾರ್ವರ್ಡ್ ನಿಲ್ಲುವ ಜಾಗ

1967ರ ಜುಲೈನಲ್ಲಿ ಸ್ಪೇನ್‌ನ ಜರೌಟ್ಸ್‌ನಲ್ಲಿ ತೊಡೆಯ ಹಿಂಭಾಗದ ಸ್ನಾಯುವಿಗೆ ಪೆಟ್ಟಾಗಿ ಅಬೆಬೆ ಓಟವನ್ನು ಅರ್ಧಕ್ಕೇ ಬಿಟ್ಟರು. ಅಂದಿನಿಂದ ಅವರು ಒಂದು ಮ್ಯಾರಥಾನನ್ನೂ ಪೂರ್ತಿ ಮುಗಿಸಲಿಲ್ಲ. ಕಾಲಿನ ಚಿಕಿತ್ಸೆಗೆ ಚಕ್ರವರ್ತಿ ಅವರನ್ನು ಜರ್ಮನಿಗೂ ಕಳಿಸಿದರು.

1968ರ ಮೆಕ್ಸಿಕೊ ಸಿಟಿ ಒಲಿಂಪಿಕ್ಸ್ ಹೆಚ್ಚುಕಡಿಮೆ ಅಡಿಸ್ ಅಬಾಬಾದಷ್ಟೇ ಎತ್ತರದ ಊರಲ್ಲಿ ನಡೆಯಲಿತ್ತು. ಅಬೆಬೆಗೆ ಹೇಳಿ ಮಾಡಿಸಿದಂಥ ಜಾಗ. ಆದರೆ ಓಟಕ್ಕೆ ಒಂದು ವಾರ ಇರುವಾಗ ಎಡಗಾಲಲ್ಲಿ ನೋವು. ಪರೀಕ್ಷೆ ಮಾಡಿದ ವೈದ್ಯರಿಗೆ ಮೊಣಕಾಲ ಕೆಳಗಿನ ಎರಡು ಎಲುಬುಗಳಲ್ಲಿ ಹೊರಬದಿಯ ತೆಳುವಾದ ಎಲುಬು ಬಿರುಕು ಬಿಟ್ಟದ್ದು ಕಂಡಿತು. ಓಟದ ದಿನದವರೆಗೆ ಕಾಲಿಗೆ ಭಾರ ಹಾಕಬೇಡಿ ಎಂದರು. ಅಕ್ಟೋಬರ್ 20ರಂದು ಅಬೆಬೆ ಆರಂಭದ ಗೆರೆಯ ಮೇಲೆ ನಿಂತರು. 16-17 ಕಿ.ಮೀ. ಓಡಿದರು. ನಿಂತರು. ಅವರ ಜೊತೆಗಾರ ಮಾಮೊ ವೊಲ್ಡೆ ಮುಂದೆ ಹೋಗಿ ಚಿನ್ನ ಗೆದ್ದು ತಂದರು.

ಹೊಟ್ಟೆಯ ಗಾಯಕ್ಕೆ ಬಗ್ಗದ ಅದೇ ಮನಸ್ಸು, ಅದೇ ಗಟ್ಟಿತನ. ಇಲ್ಲಿ ಯಾಕೆ ಸೋತಿತು? ನೋವು ಭ್ರಮೆಯಾಗಿದ್ದರೆ ಮೆಕ್ಸಿಕೊದಲ್ಲೂ ಭ್ರಮೆಯೇ ಆಗಿರಬೇಕಿತ್ತಲ್ಲ?

ಎಲುಬು ಜಡ ಕಂಬವಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಬಲ ಬೀಳುತ್ತದೆ, ಒಂದು ಮ್ಯಾರಥಾನ್‌ನಲ್ಲಿ ಇಂಥ ಸಾವಿರಾರು ಹೆಜ್ಜೆ. ಇದರಿಂದಾಗುವ ಸೂಕ್ಷ್ಮ ಬಿರುಕುಗಳನ್ನು ದೇಹ ರಿಪೇರಿ ಮಾಡುತ್ತಲೇ ಇರುತ್ತದೆ: ಒಂದು ಬಗೆಯ ಕೋಶಗಳು ಹಳೆಯ ಎಲುಬನ್ನು ಕೆರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಹೊಸದನ್ನು ತುಂಬುತ್ತವೆ. ಕೆರೆಯುವ ಕೆಲಸಕ್ಕೆ ಕೆಲವೇ ವಾರ ಸಾಕು, ತುಂಬುವುದಕ್ಕೆ ತಿಂಗಳುಗಳು ಬೇಕು. ಮನೆ ರಿಪೇರಿಗೆ ಗೋಡೆ ಒಡೆದ ಮೇಲೆ ಗಾರೆಯವನು ಬರುವವರೆಗೆ ಮನೆ ಮೊದಲಿಗಿಂತ ದುರ್ಬಲವಾಗಿರುತ್ತದಲ್ಲ, ಹಾಗೆ. ಆ ಹೊತ್ತಿನಲ್ಲಿ ಹೊರೆ ಮುಂದುವರಿದರೆ ಸೂಕ್ಷ್ಮ ಬಿರುಕುಗಳು ಸೇರಿ ಒಂದು ದೊಡ್ಡ ಬಿರುಕಾಗುತ್ತದೆ. ಓಟಗಾರರ ಎಲುಬು ಸೀಳುವುದು ಹೆಚ್ಚಾಗಿ ಹೀಗೆಯೇ. ಒಂದು ವಾರದ ವಿಶ್ರಾಂತಿ ಅದಕ್ಕೆ ಏನೇನೂ ಸಾಲದು. ಇಂಥ ಬಿರುಕಿಗೆ ಸಾಮಾನ್ಯವಾಗಿ ಆರರಿಂದ ಎಂಟು ವಾರ ಓಟ ಬಂದ್ ಮಾಡಿಸುತ್ತಾರೆ.

ಇದನ್ನು ಸಾಮಾನ್ಯ ಮೈಕೈ ನೋವಿನಿಂದ ಬೇರೆ ಮಾಡುವುದು ಅಷ್ಟೇನೂ ಕಷ್ಟವಲ್ಲ. ದೂರದ ಓಟದ ಮರುದಿನ, ಅದರ ಮರುದಿನ ತೊಡೆ, ಮೀನಖಂಡ ಎರಡೂ ಕಾಲಲ್ಲಿ ಹರಡಿಕೊಂಡು ನೋಯುತ್ತವೆ. ಮೆಟ್ಟಿಲು ಇಳಿಯುವಾಗ ಅಯ್ಯಪ್ಪಾ ಅನಿಸುತ್ತದೆ. ಅದು ಸ್ನಾಯುವಿನ ಸೂಕ್ಷ್ಮ ಹರಿತ ಮತ್ತು ಊತ. (ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡದ್ದು ಎಂಬುದು ಇನ್ನೊಂದು ಜನಪ್ರಿಯ ತಪ್ಪು. ಅದು ಓಟ ನಿಂತ ಒಂದೆರಡು ಗಂಟೆಯೊಳಗೆ ರಕ್ತದಿಂದ ಖಾಲಿಯಾಗಿರುತ್ತದೆ.) ಮೂರು ನಾಲ್ಕು ದಿನದಲ್ಲಿ ತಾನೇ ಇಳಿಯುತ್ತದೆ, ನಿಧಾನ ನಡಿಗೆಗೆ ಹಾಯೆನಿಸುತ್ತದೆ. ಎಲುಬಿನ ನೋವು ಹಾಗಲ್ಲ. ಒಂದೇ ಕಾಲಲ್ಲಿ, ಒಂದು ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ಇರುತ್ತದೆ. ಓಡಿದಷ್ಟೂ ಹೆಚ್ಚುತ್ತದೆ. ಬಿಟ್ಟರೆ ಮಲಗಿದಾಗಲೂ ಮಿಡಿಯತೊಡಗುತ್ತದೆ. ಅಂಥ ನೋವಿಗೆ ಮಾತ್ರೆ ನುಂಗಿ ಓಡುವುದು ಮನೆಗೆ ಬೆಂಕಿ ಬಿದ್ದಾಗ ಅಲಾರಂ ವೈರ್ ಕಿತ್ತಂತೆ. ಜೊತೆಗೆ ಬೆವರಿ ನೀರಿಳಿದ ದೇಹದಲ್ಲಿ ಐಬುಪ್ರೊಫೇನ್‌ನಂಥ ಮಾತ್ರೆ ಕಿಡ್ನಿಗೂ ಹೊರೆ. ಮೊದಲ ವಾರದ ಎಕ್ಸ್-ರೇಯಲ್ಲಿ ಬಿರುಕು ಕಾಣದೆಯೂ ಇರಬಹುದು. ರಿಪೋರ್ಟ್ ನಾರ್ಮಲ್ ಬಂದರೂ ನೋವು ಹಾಗೇ ಇದ್ದರೆ ಮತ್ತೆ ವೈದ್ಯರ ಹತ್ತಿರ ಹೋಗಿ.

ಅಬೆಬೆಗೆ ಆರು ವಾರ ಕಾಯುವ ಅವಕಾಶ ಇರಲಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ ಓಟ, ಇಡೀ ದೇಶದ ಕಣ್ಣು. ಅವರು ನಿಂತದ್ದನ್ನು ತಪ್ಪೆನ್ನುವ ಧೈರ್ಯ ನನಗಿಲ್ಲ. ನಮ್ಮ ನಿಮ್ಮ ಭಾನುವಾರದ ಓಟ ಮುಂದಿನ ವರ್ಷವೂ ಬರುತ್ತದೆ.

ನಂತರದ ವರ್ಷಗಳು

1969ರ ಮಾರ್ಚ್‌ನಲ್ಲಿ ಅಬೆಬೆ ಓಡಿಸುತ್ತಿದ್ದ ಫೋಕ್ಸ್‌ವ್ಯಾಗನ್ ಕಾರು ಅಡಿಸ್ ಅಬಾಬಾದ ಹೊರಗೆ ಅಪಘಾತಕ್ಕೀಡಾಯಿತು. ಬೆನ್ನುಹುರಿಗೆ ಪೆಟ್ಟು. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಚಿಕಿತ್ಸೆ ನಡೆಯಿತು. ಕೈಗಳಿಗೆ ಬಲ ಮರಳಿತು, ಕಾಲಿಗೆ ಮರಳಲಿಲ್ಲ. ಬೆನ್ನುಹುರಿ ಗಾಯಾಳುಗಳಿಗೆ ಆಟವನ್ನೇ ಚಿಕಿತ್ಸೆಯ ಭಾಗವಾಗಿಸಿದ ಡಾ. ಲುಡ್ವಿಗ್ ಗುಟ್‌ಮನ್ ಅವರ ಆಸ್ಪತ್ರೆ ಅದು. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಅಲ್ಲೇ ಇದೆ. ಅಬೆಬೆ 1970ರಲ್ಲಿ ಅಲ್ಲಿನ ಕ್ರೀಡಾಕೂಟದಲ್ಲಿ ಬಿಲ್ಲು ಹಿಡಿದರು. ಮರುವರ್ಷ ನಾರ್ವೆಗೆ ಹೋಗಿ ಹಿಮದ ಮೇಲೆ ಜಾರುಬಂಡಿ ಸ್ಪರ್ಧೆಯಲ್ಲಿ ಗೆದ್ದರು.

1973ರ ಅಕ್ಟೋಬರ್ 25ರಂದು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡಾಗ ಅವರಿಗೆ 41 ವರ್ಷ. ಅತಿಯಾಗಿ ಓಡಿದ್ದರಿಂದ ಬೇಗ ಸತ್ತರು ಎಂದು ಬರೆಯುವ ಇನ್ನೊಂದು ಬಗೆಯ ಫಾರ್ವರ್ಡ್ ಬಂದರೆ ನೆನಪಿರಲಿ, ಅವರ ಸಾವಿನ ಜಾಡು ಹೋಗುವುದು ಆ ಕಾರಿನ ಅಪಘಾತಕ್ಕೆ, ಓಟಕ್ಕಲ್ಲ.

ರೋಮ್‌ನ ಆ ಓಟಕ್ಕೆ 50 ವರ್ಷ ತುಂಬಿದ 2010ರಲ್ಲಿ ಅಲ್ಲಿನ ಮ್ಯಾರಥಾನ್ ಗೆದ್ದದ್ದು ಇಥಿಯೋಪಿಯಾದವರೇ ಆದ ಸಿರಾಜ್ ಗೆನಾ. ಅಬೆಬೆಯ ನೆನಪಿಗೆ ಅವರೂ ಬರಿಗಾಲಲ್ಲಿ ಗೆರೆ ದಾಟಿದರು. ಶೂ ಬಿಚ್ಚಿದ್ದು ಮಾತ್ರ ಕೊನೆಯ ಕೆಲವು ನೂರು ಮೀಟರ್ ಉಳಿದಿದ್ದಾಗ. ಅಲ್ಲಿಯವರೆಗೆ ಶೂ ಹಾಕಿಕೊಂಡೇ ಓಡಿದ್ದರು.