ಕಂಚುಗಾರನ ಮಗ ಕಟ್ಟಿದ ದೇವಾಲಯ

ಸ್ಪೇನ್ ದೇಶದ ಬಾರ್ಸಿಲೋನಾ ನಗರದಲ್ಲಿ ಪವಿತ್ರ ಕುಟುಂಬಕ್ಕೆ ಅರ್ಪಿತವಾದ ಒಂದು ಮಹಾದೇವಾಲಯವಿದೆ. ಸಗ್ರಾದಾ ಫಮೀಲಿಯ ಎಂದು ಅದರ ಹೆಸರು. ಅದರ ಮೊದಲ ಕಲ್ಲನ್ನು ಇಟ್ಟದ್ದು 1882ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನ. ಅದಕ್ಕೆ ಈಗಿನ ರೂಪ ಕೊಟ್ಟ ವಾಸ್ತುಶಿಲ್ಪಿ ನಾಲ್ಕು ದಶಕಕ್ಕೂ ಮೀರಿ ದುಡಿದು, ಹದಿನೆಂಟು ಗೋಪುರಗಳ ಪೈಕಿ ಒಂದೇ ಒಂದು ಪೂರ್ತಿಯಾದದ್ದನ್ನು ನೋಡಿ ಕಣ್ಣು ಮುಚ್ಚಿದರು. ಅವರೇ ಆಂಟೊನಿ ಗೌಡಿ.

ಗೌಡಿ ಹುಟ್ಟಿದ್ದು 1852ರ ಜೂನ್ 25ರಂದು, ಕ್ಯಾಟಲೋನಿಯಾ ಪ್ರಾಂತ್ಯದ ರೆಯುಸ್ ಸೀಮೆಯಲ್ಲಿ. ತಂದೆ ಫ್ರಾನ್ಸೆಸ್ಕ್ ಕಂಚುಗಾರರು. ತಾಯಿ ಆಂಟೋನಿಯಾ. ಐವರು ಮಕ್ಕಳಲ್ಲಿ ಇವರೇ ಕಿರಿಯರು. ಎಳೆಯ ವಯಸ್ಸಿನಿಂದಲೇ ಕೀಲುನೋವು. ನಡೆಯಲಾಗದ ದಿನಗಳಲ್ಲಿ ಕತ್ತೆಯ ಬೆನ್ನೇರಿ ಹೋಗಬೇಕಿತ್ತು. ಓಡಿ ಆಡಲಾಗದ ಹುಡುಗ ಕೂತಲ್ಲೇ ಕೂತು ಗಿಡ, ಮರ, ಹುಳುಹುಪ್ಪಟೆ, ಬಸವನಹುಳುವಿನ ಚಿಪ್ಪನ್ನು ನೋಡುತ್ತಿದ್ದ. ಮನೆಯಲ್ಲಿ ಅಪ್ಪನ ಕುಲುಮೆ. ಚಪ್ಪಟೆಯಾದ ತಾಮ್ರದ ತಗಡು ಸುತ್ತಿಗೆಯ ಪೆಟ್ಟಿಗೆ ಬಾಗಿ, ಉಬ್ಬಿ, ಹಂಡೆಯಾಗುವುದನ್ನು ಅವನು ದಿನವೂ ಕಾಣುತ್ತಿದ್ದ. ಮುಂದೆ ಅವರು ಕಟ್ಟಿದ ಕಟ್ಟಡಗಳಿಗೆಲ್ಲ ಈ ಎರಡು ಪಾಠಶಾಲೆಗಳೇ ಮೂಲ.

1868ರಲ್ಲಿ ಓದಲೆಂದು ಬಾರ್ಸಿಲೋನಾಕ್ಕೆ ಬಂದರು. ಖರ್ಚಿಗೆ ಸಾಲದೆ ಬೇರೆ ಶಿಲ್ಪಿಗಳ ಬಳಿ ನಕ್ಷೆ ಬರೆಯುವ ಕೆಲಸ ಮಾಡಿದರು. 1876ರಲ್ಲಿ ವೈದ್ಯನಾಗಿದ್ದ ಅಣ್ಣ ತೀರಿಕೊಂಡ. ಅದೇ ವರ್ಷ ತಾಯಿಯೂ ಹೋದರು. 1878ರಲ್ಲಿ ಪದವಿ ಕೈಗೆ ಬಂತು. ಮರುವರ್ಷವೇ ಅಕ್ಕ ರೋಸಾ ತನ್ನ ಪುಟ್ಟ ಮಗಳನ್ನು ಬಿಟ್ಟು ತೀರಿಕೊಂಡಳು. ವೃದ್ಧ ತಂದೆ ಮತ್ತು ಆ ಸೊಸೆಮಗು ಗೌಡಿಯವರ ಆಸರೆಗೆ ಬಂದರು. ಅವರು ಕೊನೆಯವರೆಗೂ ಮದುವೆಯಾಗಲಿಲ್ಲ.

ಆ ದಿನಗಳ ಗೌಡಿಯನ್ನು ಕಂಡವರು ಮುಂದಿನ ಗೌಡಿಯನ್ನು ಊಹಿಸಲಾರರು. ಒಳ್ಳೆಯ ಉಡುಪು, ಬೆಲೆಬಾಳುವ ಟೋಪಿ, ಸಂಗೀತ ನಾಟಕಗಳ ಗೀಳು. ಪ್ಯಾರಿಸ್ಸಿನ 1878ರ ವಸ್ತುಪ್ರದರ್ಶನಕ್ಕೆ ಅವರು ಮಾಡಿಕೊಟ್ಟ ಒಂದು ಗಾಜಿನ ಕಪಾಟು ಬಟ್ಟೆ ಗಿರಣಿಯ ಒಡೆಯ ಎವುಸೆಬಿ ಗುಯೆಲ್ ಅವರ ಕಣ್ಣಿಗೆ ಬಿತ್ತು. ಅಲ್ಲಿಂದ ಬೆಳೆದ ಸ್ನೇಹ ಗುಯೆಲ್ ಸಾಯುವವರೆಗೂ ಉಳಿಯಿತು. ಅರಮನೆ, ಉದ್ಯಾನ, ಕಾರ್ಮಿಕರ ಕಾಲೊನಿಗೆ ದೇವಾಲಯ, ಹೀಗೆ ಒಂದಾದ ಮೇಲೊಂದು ಕೆಲಸ ಬಂತು.

ಗೌಡಿ ಹಳೆಯ ಶೈಲಿಗಳನ್ನು ತಳ್ಳಿಹಾಕಿದವರಲ್ಲ. ಮೊದಲು ಅವನ್ನೆಲ್ಲ ಕಲಿತರು. ಸ್ಪೇನ್ ದೇಶವನ್ನು ಶತಮಾನಗಳ ಕಾಲ ಅರಬರು ಆಳಿದ್ದರು. ಅವರು ಬಿಟ್ಟುಹೋದ ಇಟ್ಟಿಗೆ, ಬಣ್ಣದ ಹೆಂಚಿನ ಕಲೆ ಗೌಡಿಯವರ ಮೊದಲ ದೊಡ್ಡ ಮನೆಯಾದ ಕಾಸಾ ವಿಸೆನ್ಸ್‌ನಲ್ಲಿ ಎದ್ದು ಕಾಣುತ್ತದೆ. ಆಸ್ತೋರ್ಗಾದ ಧರ್ಮಾಧ್ಯಕ್ಷರ ನಿವಾಸದಲ್ಲಿ ಯೂರೋಪಿನ ಗಾಥಿಕ್ ಶೈಲಿ ಇದೆ. ಮೈಸೂರಿನ ಸಂತ ಫಿಲೋಮಿನಾ ದೇವಾಲಯವನ್ನು ನೋಡಿದವರಿಗೆ ಗಾಥಿಕ್ ಎಂದರೆ ಏನೆಂದು ಹೇಳಬೇಕಾಗಿಲ್ಲ: ಮೊನಚಾದ ಕಮಾನು, ಆಕಾಶಕ್ಕೆ ಚಾಚಿದ ಶಿಖರ, ಬಣ್ಣದ ಗಾಜಿನ ಕಿಟಕಿ.

ಆದರೆ ಹಳೆಯ ಗಾಥಿಕ್ ಪ್ರಧಾನಾಲಯಗಳಲ್ಲಿ ಗೌಡಿಯವರಿಗೆ ಒಂದು ಕೊರತೆ ಕಂಡಿತು. ಎತ್ತರದ ಕಲ್ಲಿನ ಛಾವಣಿ ಗೋಡೆಗಳನ್ನು ಹೊರಕ್ಕೆ ನೂಕುತ್ತದೆ. ಗೋಡೆ ಬೀಳದಿರಲೆಂದು ಹೊರಗಿನಿಂದ ಕಲ್ಲಿನ ಆನಿಕೆಗಳನ್ನು ಕೊಡಬೇಕು. ಅವರ ಕಣ್ಣಿಗೆ ಅವು ಊರುಗೋಲುಗಳಂತೆ ಕಂಡವು. ಊರುಗೋಲಿಲ್ಲದೆ ನಿಲ್ಲುವ ದೇವಾಲಯ ಸಾಧ್ಯವೇ?

ಉತ್ತರಕ್ಕಾಗಿ ಅವರು ದಾರಗಳನ್ನು ಹಿಡಿದರು. ಎರಡು ಕಂಬಗಳ ನಡುವೆ ಹೂಮಾಲೆ ಕಟ್ಟಿದರೆ ಅದು ತನ್ನ ಭಾರಕ್ಕೆ ತಾನೇ ಒಂದು ಬಾಗು ಪಡೆಯುತ್ತದೆ. ಅಲ್ಲಿ ಇರುವುದು ಎಳೆತ ಮಾತ್ರ. ಆ ಬಾಗನ್ನೇ ತಲೆಕೆಳಗು ಮಾಡಿ ಕಲ್ಲಿನಲ್ಲಿ ಕಟ್ಟಿದರೆ ಎಳೆತವೆಲ್ಲ ಒತ್ತಡವಾಗುತ್ತದೆ. ಒತ್ತಡವನ್ನು ತಾಳುವುದರಲ್ಲಿ ಕಲ್ಲು ಬಲು ಗಟ್ಟಿ. ಗುಯೆಲ್ ಕಾಲೊನಿಯ ದೇವಾಲಯಕ್ಕಾಗಿ ಗೌಡಿ ಸೂರಿನಿಂದ ದಾರಗಳನ್ನು ಇಳಿಬಿಟ್ಟು, ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ಭಾರಕ್ಕೆ ತಕ್ಕಂತೆ ತೂಗಿಸಿದರು. ಅದರ ಛಾಯಾಚಿತ್ರ ತೆಗೆದು ತಲೆಕೆಳಗಾಗಿ ಹಿಡಿದರೆ ದೇವಾಲಯದ ಆಕಾರವೇ ಕಾಣುತ್ತಿತ್ತು. ಈ ಒಂದು ಮಾದರಿಗೆ ಸುಮಾರು ಹತ್ತು ವರ್ಷ ಹಿಡಿಯಿತು. ಅಲ್ಲಿ ನೆಲಮಟ್ಟದ ಭಾಗವಷ್ಟೇ ಪೂರ್ತಿಯಾಯಿತು. ಆದರೆ ಕಲಿತದ್ದು ಸಗ್ರಾದಾ ಫಮೀಲಿಯದ ಕೆಲಸಕ್ಕೆ ಬಂತು. ಅದರ ಒಳಗಿನ ಕಂಬಗಳು ಮರದಂತೆ ವಾಲಿ, ಮೇಲೆ ಕೊಂಬೆಗಳಾಗಿ ಕವಲೊಡೆದು ಸೂರನ್ನು ಹೊರುತ್ತವೆ. ಹೊರಗೆ ಆನಿಕೆಗಳಿಲ್ಲ.

ಈ ದೇವಾಲಯದ ಹೊಣೆ ಅವರಿಗೆ ಬಂದದ್ದು 1883ರಲ್ಲಿ, 31ನೆಯ ವಯಸ್ಸಿಗೆ. ಮೊದಲಿನ ಶಿಲ್ಪಿ ಭಿನ್ನಾಭಿಪ್ರಾಯದಿಂದ ಬಿಟ್ಟುಹೋಗಿದ್ದರು. ಇದು ರಾಜರು ಕಟ್ಟಿಸಿದ ದೇವಾಲಯವಲ್ಲ. ಜೋಸೆಪ್ ಮರಿಯಾ ಬೊಕಾಬೆಲ್ಲಾ ಎಂಬ ಪುಸ್ತಕ ವ್ಯಾಪಾರಿ, ಸಂತ ಜೋಸೆಫರ ಭಕ್ತರ ಸಂಘವೊಂದನ್ನು ಕಟ್ಟಿ ಆರಂಭಿಸಿದ ಪ್ರಾಯಶ್ಚಿತ್ತ ದೇವಾಲಯ. ಜನರ ಕಾಣಿಕೆಯಿಂದಲೇ ಅದು ಏಳಬೇಕಿತ್ತು. ಕಾಣಿಕೆ ಬಂದರೆ ಕೆಲಸ, ಇಲ್ಲವಾದರೆ ಇಲ್ಲ.

ದೇವಾಲಯವನ್ನು ಗೌಡಿ ಕಟ್ಟುತ್ತಿರುವಾಗ ದೇವಾಲಯವೂ ಅವರನ್ನು ಕಟ್ಟುತ್ತಿತ್ತು. ಆಸ್ತೋರ್ಗಾದ ಧರ್ಮಾಧ್ಯಕ್ಷ ಗ್ರಾವ್ ಅವರ ಸ್ನೇಹದಿಂದ ಪೂಜಾವಿಧಿಯ ಅರ್ಥವನ್ನು ಆಳವಾಗಿ ತಿಳಿದರು. 1894ರ ತಪಸ್ಸುಕಾಲದಲ್ಲಿ ಪ್ರಾಣಕ್ಕೇ ಕುತ್ತು ಬರುವಷ್ಟು ಉಪವಾಸ ಮಾಡಿದರು. ಗುರುಗಳಾದ ತೊರಾಸ್ ಇ ಬಾಜೆಸ್ ಬಂದು, ದೇವರು ಒಪ್ಪಿಸಿದ ಕೆಲಸ ಇನ್ನೂ ಬಾಕಿ ಇದೆಯೆಂದು ತಿಳಿಹೇಳಿ ಉಪವಾಸ ಬಿಡಿಸಿದರು. ಅತಿಯಾದ ವ್ರತವೂ ಹಟವಾಗಬಲ್ಲದು ಎಂಬುದನ್ನು ಅವರು ಕಲಿಯಬೇಕಾಯಿತು.

ಕ್ರಿಸ್ತಜನನದ ಮುಖಮಂಟಪ ಅವರ ಕಾಲದಲ್ಲೇ ಎದ್ದಿತು. ನಂಬಿಕೆ, ಭರವಸೆ, ಪ್ರೀತಿ ಎಂಬ ಮೂರು ದ್ವಾರಗಳು. ಅಲ್ಲಿನ ಶಿಲೆಗಳಿಗೆ ನೆರೆಹೊರೆಯ ಸಾಮಾನ್ಯ ಜನರೇ ಮಾದರಿ. ಕಂಬದ ಬುಡದಲ್ಲಿ ಆಮೆ, ಗೋಡೆಯಲ್ಲಿ ಹಕ್ಕಿ, ಎಲೆ, ಹೂ. ಈಜಿಪ್ಟಿಗೆ ಪಲಾಯನದ ಶಿಲ್ಪದಲ್ಲಿ ಮಾತೆ ಮರಿಯಮ್ಮನವರನ್ನೂ ಬಾಲಯೇಸುವನ್ನೂ ಹೊತ್ತ ಕತ್ತೆ.

1909ರ ಜುಲೈನಲ್ಲಿ ಬಾರ್ಸಿಲೋನಾ ಹೊತ್ತಿ ಉರಿಯಿತು. ಮೊರಾಕೊ ಯುದ್ಧಕ್ಕೆ ಬಡವರ ಮಕ್ಕಳನ್ನು ಅಟ್ಟಿದ್ದರಿಂದ ಕೆರಳಿದ ಜನ ಹತ್ತಾರು ದೇವಾಲಯ, ಕನ್ಯಾಮಠಗಳಿಗೆ ಬೆಂಕಿಯಿಟ್ಟರು. ಸಗ್ರಾದಾ ಫಮೀಲಿಯ ಉಳಿಯಿತು. ಅದೇ ವರ್ಷ ಗೌಡಿ ದೇವಾಲಯದ ಆವರಣದಲ್ಲಿ ಕೂಲಿಕಾರರ ಮತ್ತು ನೆರೆಯವರ ಮಕ್ಕಳಿಗಾಗಿ ಒಂದು ಶಾಲೆ ಕಟ್ಟಿದರು. ಅಲೆಯಂತೆ ಬಳುಕುವ ಸೂರಿನ ಆ ಪುಟ್ಟ ಇಟ್ಟಿಗೆ ಕಟ್ಟಡವನ್ನು ಇಂದಿಗೂ ನೋಡಬಹುದು.

1906ರಲ್ಲಿ ತಂದೆ, 1912ರಲ್ಲಿ ಸಾಕಿದ ಸೊಸೆ, 1918ರಲ್ಲಿ ಗುಯೆಲ್ ತೀರಿಕೊಂಡರು. 1914ರ ನಂತರ ಗೌಡಿ ಬೇರೆ ಕೆಲಸ ಒಪ್ಪಿಕೊಳ್ಳಲಿಲ್ಲ. ಹಣವಿಲ್ಲದೆ ಕೆಲಸ ನಿಲ್ಲುವ ಸ್ಥಿತಿ ಬಂದಾಗ ಒಂದು ಕಾಲದ ಆ ಷೋಕಿಲಾಲ ಮನೆಮನೆಯ ಬಾಗಿಲು ತಟ್ಟಿ ಕಾಣಿಕೆ ಬೇಡಿದರು. ತಾಯ್ನುಡಿಯ ಮೇಲೂ ಅವರಿಗೆ ಅಷ್ಟೇ ಅಭಿಮಾನ. 1924ರ ಸೆಪ್ಟೆಂಬರ್ 11ರಂದು, ಕ್ಯಾಟಲನ್ ಭಾಷೆಯನ್ನು ಅಧಿಕಾರಿಗಳು ಹತ್ತಿಕ್ಕುತ್ತಿದ್ದ ಕಾಲದಲ್ಲಿ, ಬಲಿಪೂಜೆಗೆ ಹೊರಟ 72ರ ಮುದುಕರನ್ನು ಪೊಲೀಸರು ತಡೆದರು. ಅವರು ಕ್ಯಾಟಲನ್‌ನಲ್ಲೇ ಉತ್ತರಿಸಿದರು; ಠಾಣೆಯಲ್ಲಿ ಕೂಡಿಹಾಕಿದರೂ ಭಾಷೆ ಬದಲಿಸಲಿಲ್ಲ.

1925ರ ನವೆಂಬರ್ 30ರಂದು ಸಂತ ಬಾರ್ನಬರ ಗೋಪುರ ಪೂರ್ತಿಯಾಯಿತು. ಗೌಡಿ ಕಂಡದ್ದು ಅದೊಂದೇ. 1926ರ ಜೂನ್ 7ರ ಸಂಜೆ, ಎಂದಿನಂತೆ ಸಂತ ಫಿಲಿಪ್ ನೇರಿ ದೇವಾಲಯಕ್ಕೆ ಪ್ರಾರ್ಥನೆಗೆಂದು ನಡೆದು ಹೋಗುವಾಗ ಟ್ರ್ಯಾಮ್ ಬಡಿಯಿತು. ಹರಕು ಬಟ್ಟೆ, ಜೇಬಿನಲ್ಲಿ ಗುರುತಿನ ಕಾಗದವಿಲ್ಲ. ಭಿಕ್ಷುಕನೆಂದು ಬಗೆದು ಟ್ಯಾಕ್ಸಿಯವರು ಕರೆದೊಯ್ಯಲು ಒಪ್ಪಲಿಲ್ಲ. ಕೊನೆಗೆ ಬಡವರ ಆಸ್ಪತ್ರೆಯಾದ ಪವಿತ್ರ ಶಿಲುಬೆಯ ಆಸ್ಪತ್ರೆಗೆ ಸೇರಿಸಿದರು. ಮರುದಿನ ದೇವಾಲಯದ ಗುರುಗಳು ಹುಡುಕಿಕೊಂಡು ಬಂದು ಗುರುತಿಸಿದಾಗಲೇ ಆತ ಯಾರೆಂದು ಊರಿಗೆ ಗೊತ್ತಾದದ್ದು. ಜೂನ್ 10ರಂದು ಪ್ರಾಣ ಬಿಟ್ಟರು. ಬದುಕಿದ್ದಾಗ ದಾರಿಯಲ್ಲಿ ದಾಟಿಹೋಗಿದ್ದ ನಗರ, ಶವಯಾತ್ರೆಗೆ ಸಾಲುಗಟ್ಟಿ ನಿಂತಿತು. ತಾವು ಕಟ್ಟಿದ ದೇವಾಲಯದ ನೆಲಮಾಳಿಗೆಯಲ್ಲೇ, ಕಾರ್ಮೆಲ್ ಮಾತೆಯ ಪೀಠದ ಬಳಿ ಅವರನ್ನು ಮಣ್ಣು ಮಾಡಿದರು.

ಹತ್ತು ವರ್ಷದ ಬಳಿಕ, 1936ರ ಅಂತರ್ಯುದ್ಧದಲ್ಲಿ ದಂಗೆಕೋರರು ಅವರ ಕಾರ್ಯಾಗಾರಕ್ಕೆ ಬೆಂಕಿಯಿಟ್ಟು ನಕ್ಷೆಗಳನ್ನು ಸುಟ್ಟರು, ಗಾರೆಯ ಮಾದರಿಗಳನ್ನು ಪುಡಿ ಮಾಡಿದರು. ಶಿಷ್ಯರು ಚೂರುಗಳನ್ನು ಆಯ್ದು ಜೋಡಿಸಿ ಕೆಲಸ ಮುಂದುವರಿಸಿದರು. 2010ರ ನವೆಂಬರ್ 7ರಂದು ಪೋಪ್ 16ನೇ ಬೆನೆಡಿಕ್ಟರು ಈ ದೇವಾಲಯವನ್ನು ಅಭಿಷೇಕಿಸಿ ಬೆಸಿಲಿಕಾ ಎಂದು ಘೋಷಿಸಿದರು. 2025ರ ಏಪ್ರಿಲ್ 14ರಂದು, ತಮ್ಮ ಮರಣಕ್ಕೆ ಒಂದು ವಾರ ಮುಂಚೆ, ಪೋಪ್ ಫ್ರಾನ್ಸಿಸರು ಗೌಡಿಯವರನ್ನು ಪೂಜನೀಯರೆಂದು ಸಾರುವ ಆಜ್ಞೆಗೆ ಒಪ್ಪಿಗೆ ಕೊಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸಗ್ರಾದಾ ಫಮೀಲಿಯ ಜಗತ್ತಿನಲ್ಲೇ ಅತಿ ಎತ್ತರದ ದೇವಾಲಯವಾಯಿತು. ಯೇಸುಸ್ವಾಮಿಯ ಗೋಪುರಕ್ಕೆ ನಿಗದಿಯಾದ ಎತ್ತರ 172.5 ಮೀಟರ್. ಊರ ಪಕ್ಕದ ಮೊನ್‌ಜುಯಿಕ್ ಬೆಟ್ಟಕ್ಕಿಂತ ಅದು ತುಸು ಕಡಿಮೆ. ಮನುಷ್ಯನ ಕೈಕೆಲಸ ದೇವರ ಕೈಕೆಲಸವನ್ನು ಮೀರಬಾರದೆಂಬುದು ಗೌಡಿಯವರ ಎಣಿಕೆ.

ಪ್ರಿಯ ಓದುಗರೇ, ಮುಗಿಯುವುದನ್ನು ತಾನು ನೋಡಲಾರೆನೆಂದು ಗೊತ್ತಿದ್ದೂ ಕಲ್ಲಿನ ಮೇಲೆ ಕಲ್ಲಿಡುತ್ತ ಹೋದ ಜೀವ ಇದು. ಮಕ್ಕಳನ್ನು ಬೆಳೆಸುವ ತಂದೆತಾಯಿಗಳ ಪಾಡೂ ಇದೇ ಅಲ್ಲವೇ? ಜೊತೆಗೆ ಇನ್ನೊಂದು ಮಾತನ್ನೂ ನೆನಪಿಡೋಣ. ಅಂದು ಬೀದಿಯಲ್ಲಿ ಬಿದ್ದಿದ್ದವರು ಗೌಡಿ ಅಲ್ಲದೆ ನಿಜಕ್ಕೂ ಒಬ್ಬ ಭಿಕ್ಷುಕನೇ ಆಗಿದ್ದರೂ, ಅವನನ್ನು ಎತ್ತಿಕೊಳ್ಳಬೇಕಾದ ಕೈ ನಮ್ಮದೇ ಆಗಿತ್ತು.