ಯತೀಮನ ಸಿಂಹಾಸನ

ವಿಜಯಪುರಕ್ಕೆ ಹೋದವರು ಗೋಲಗುಮ್ಮಟ ನೋಡದೆ ಮರಳುವುದಿಲ್ಲ. ಅದೇ ಊರಿನಲ್ಲಿರುವ ಕೊನೆಯ ಆದಿಲ್‌ಶಾಹಿ ಸುಲ್ತಾನ ಸಿಕಂದರನ ಗೋರಿಯನ್ನು ನೀವು ಕಂಡಿದ್ದೀರಾ? ಅದಕ್ಕೆ ಸೂರು ಕೂಡ ಇಲ್ಲ.

1672ರಲ್ಲಿ ತಂದೆ ಎರಡನೇ ಅಲಿ ಆದಿಲ್ ಶಾಹ್ ತೀರಿಕೊಂಡಾಗ ಸಿಕಂದರನಿಗೆ ನಾಲ್ಕೇ ವರ್ಷ. ಯತೀಮನ ಸೊತ್ತು ಪೋಷಕನ ಕೈಯಲ್ಲಿರುವ ಅಮಾನತ್ತೆಂದು ನಿಮಗೆ ಗೊತ್ತು. ಇಲ್ಲಿ ಆ ಸೊತ್ತು ಒಂದು ರಾಜ್ಯವೇ ಆಗಿತ್ತು! ಪೋಷಕನಾದ ಖವಾಸ್ ಖಾನನನ್ನು 1675ರಲ್ಲಿ ಬಹ್ಲೋಲ್ ಖಾನ್ ಸೆರೆಹಿಡಿದು, ಬಳಿಕ ಕೊಲ್ಲಿಸಿದ. ಅವನ ನಂತರ ಸಿದ್ದಿ ಮಸೂದ್. ಅಫ್ಘಾನರು, ದಖನಿಗಳು, ಹಬಶಿಗಳು ಎಲ್ಲರೂ ಕಲಿಮಾ ಹೇಳುವವರೇ. ಮಗುವಿನ ಹೆಸರು ಮುಂದಿಟ್ಟು ಪರಸ್ಪರ ಕಾದಾಡಿದರು. ಖಜಾನೆ ಬರಿದಾಯಿತು.

1679ರಲ್ಲಿ ಮೊಗಲರ ಸೇನೆ ಒತ್ತಿ ಬಂದಾಗ, ತಮ್ಮನ ರಾಜ್ಯ ಉಳಿಯಲೆಂದು ಅಕ್ಕ ಶಹರ್ ಬಾನು ತಾನಾಗಿ ಅವರ ಪಾಳೆಯಕ್ಕೆ ಹೊರಟಳು. ಅಧಿಕಾರವಿದ್ದ ಗಂಡಸರು ಮಾಡದ ತ್ಯಾಗವನ್ನು ಆ ಹುಡುಗಿ ಮಾಡಿದಳು. ಆದರೂ ದಾಳಿ ನಿಲ್ಲಲಿಲ್ಲ.

1685ರಲ್ಲಿ ಮತ್ತೆ ಮುತ್ತಿಗೆ. ಒಂದು ವರ್ಷಕ್ಕೂ ಹೆಚ್ಚು ಕಾಲ ತಡೆದು ನಿಂತ ನಗರ 1686ರ ಸೆಪ್ಟೆಂಬರ್ 12ರಂದು ಔರಂಗಜೇಬನಿಗೆ ಶರಣಾಯಿತು. ಸಿಕಂದರನಿಗಾಗ ಹದಿನೆಂಟು. ವರ್ಷಕ್ಕೆ ಒಂದು ಲಕ್ಷ ರೂಪಾಯಿ ವೇತನ ಗೊತ್ತಾಯಿತು; ಬಿಡುಗಡೆ ಸಿಗಲಿಲ್ಲ. 1700ರಲ್ಲಿ ಸೆರೆಯಲ್ಲೇ ಮರಣ ಹೊಂದಿದ. ಅವನ ಕೊನೆಯ ಇಚ್ಛೆಯಂತೆ ಊರಿಗೆ ತಂದು, ಆಧ್ಯಾತ್ಮಿಕ ಗುರುವಿನ ಪಾದದ ಬಳಿ ದಫನ ಮಾಡಿದರು.